ಮರಳಿ ಬಾರದ ಉತ್ತರ: ಜಾವಾ ಸಂದೇಶ ವ್ಯವಸ್ಥೆಯ ತಾತ್ಕಾಲಿಕ ಕ್ಯೂಗಳು

ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಇಂದು ತಂತ್ರಾಂಶ ಕ್ಷೇತ್ರದಲ್ಲಿದ್ದಾರೆ. ರಾತ್ರಿ ಊಟದ ಹೊತ್ತಿಗೆ ಫೋನು ಬಂದು, ಅವರು ಅರ್ಧದಲ್ಲಿ ಎದ್ದು "ಕ್ಯೂನಿಂದ ಉತ್ತರ ಬರುತ್ತಿಲ್ಲವಂತೆ" ಎಂದು ಹೇಳಿ ಒಳಗೆ ಹೋಗುವುದನ್ನು ಹಿರಿಯರು ಕಂಡಿರಬಹುದು. ಆ ಕ್ಯೂ ಎಂದರೇನು, ಅದರಿಂದ ಉತ್ತರವೇಕೆ ಬರುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಈ ವೃತ್ತಿಯಲ್ಲಿಯೇ ಇರುವವರಿಗೂ ಒಂದೆರಡು ಅಂಶಗಳು ಉಪಯೋಗಕ್ಕೆ ಬಂದಾವು.

ದೊಡ್ಡ ಸಂಸ್ಥೆಗಳಲ್ಲಿ ಒಂದು ತಂತ್ರಾಂಶವು ಇನ್ನೊಂದನ್ನು ನೇರವಾಗಿ ಕರೆಯದೆ, ನಡುವೆ ಅಂಚೆ ಕಚೇರಿಯಂತಹ ಒಂದು ವ್ಯವಸ್ಥೆಯ ಮೂಲಕ ಸಂದೇಶ ಕಳುಹಿಸುವುದುಂಟು. ಆ ಅಂಚೆ ಕಚೇರಿಗೆ ಬ್ರೋಕರ್ ಎಂದೂ, ಸಂದೇಶಗಳು ಸರದಿಗಾಗಿ ಕಾಯುವ ಪೆಟ್ಟಿಗೆಗೆ ಕ್ಯೂ ಎಂದೂ ಹೆಸರು. ಜಾವಾ ಭಾಷೆಯಲ್ಲಿ ಇದಕ್ಕಾಗಿ ರೂಪುಗೊಂಡ ನಿಯಮಾವಳಿಯೇ ಜೆಎಂಎಸ್, ಅಂದರೆ ಜಾವಾ ಮೆಸೇಜ್ ಸರ್ವಿಸ್. ಇದರ 1.1 ಆವೃತ್ತಿ 2002ರಲ್ಲಿಯೂ 2.0 ಆವೃತ್ತಿ 2013ರಲ್ಲಿಯೂ ಹೊರಬಂದವು. ಈಗ ಇದಕ್ಕೆ ಜಕಾರ್ತಾ ಮೆಸೇಜಿಂಗ್ ಎಂದು ಹೆಸರು. ಹೆಸರು ಬದಲಾದರೂ ತಾತ್ಕಾಲಿಕ ಕ್ಯೂವಿನ ಸ್ವಭಾವ ಬದಲಾಗಿಲ್ಲ.

ಪರವೂರಿಗೆ ಹೋದವರು ಲಾಡ್ಜಿನಲ್ಲಿ ಇಳಿದುಕೊಂಡು ಒಂದು ಕಚೇರಿಗೆ ಪತ್ರ ಬರೆಯುತ್ತಾರೆಂದು ಭಾವಿಸೋಣ. ಉತ್ತರಕ್ಕೆ ಕೋಣೆಯ ಸಂಖ್ಯೆಯನ್ನೇ ವಿಳಾಸವಾಗಿ ಕೊಡುತ್ತಾರೆ. ತಾತ್ಕಾಲಿಕ ಕ್ಯೂ ಎಂದರೆ ಆ ಕೋಣೆ. ಬೇಡಿಕೆಯ ಸಂದೇಶದಲ್ಲಿ 'ರಿಪ್ಲೈ ಟು' ಎಂಬ ಜಾಗದಲ್ಲಿ ಅದರ ವಿಳಾಸವಿರುತ್ತದೆ. ಅಲ್ಲಿಗೆ ಉತ್ತರವನ್ನು ಯಾರು ಬೇಕಾದರೂ ಕಳುಹಿಸಬಹುದು. ಆದರೆ ತೆರೆದು ಓದುವ ಹಕ್ಕು ಆ ಕ್ಯೂವನ್ನು ಸೃಷ್ಟಿಸಿದ ಕನೆಕ್ಷನ್ನಿಗೆ ಮಾತ್ರ ಇರುತ್ತದೆ. ಆ ಕನೆಕ್ಷನ್ ಮುಚ್ಚಿದೊಡನೆ ಕ್ಯೂ ಇಲ್ಲವಾಗುತ್ತದೆ, ಒಳಗೆ ಉಳಿದಿದ್ದ ಸಂದೇಶಗಳೂ ಅದರೊಡನೆ ಹೋಗುತ್ತವೆ. ಈ ಕ್ಯೂಗಳ ತೊಂದರೆಗಳಲ್ಲಿ ಬಹುಪಾಲು ಈ ಒಂದು ನಿಯಮವನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ನಾವು ಹಿಂದೊಮ್ಮೆ ಹತ್ತಿರದಿಂದ ಕಂಡ ಪ್ರಕರಣವೊಂದನ್ನು ಹೇಳುತ್ತೇವೆ. ಹಣ ಪಾವತಿಯ ವ್ಯವಸ್ಥೆಯೊಂದರಲ್ಲಿ ಹಗಲೆಲ್ಲ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಬೆಳಗಿನ ಮೊದಲ ಕೆಲವು ಬೇಡಿಕೆಗಳಿಗೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಉತ್ತರ ಬಾರದಿದ್ದುದರಿಂದ ಗುಮಾಸ್ತರು ಅದೇ ಪಾವತಿಯನ್ನು ಮತ್ತೊಮ್ಮೆ ಕಳುಹಿಸಿದರು. ಗ್ರಾಹಕರ ಖಾತೆಯಿಂದ ಎರಡು ಬಾರಿ ಹಣ ಕಳೆಯಿತು. ಬೇಡಿಕೆ ಕಳುಹಿಸುವ ತಂಡದವರು ತಮ್ಮ ಕಡೆ ದೋಷವಿಲ್ಲವೆಂದರು. ಪಾವತಿ ಮಾಡುವವರ ಲಾಗಿನಲ್ಲಿ 'ಉತ್ತರ ಕಳುಹಿಸಲಾಗಿದೆ' ಎಂದೇ ಇತ್ತು. ಬ್ರೋಕರ್ ನೋಡಿಕೊಳ್ಳುವವರು ಸಂದೇಶ ಬಂದುದು ನಿಜವೆಂದರು. ಮೂವರ ಮಾತೂ ಸತ್ಯವಾಗಿತ್ತು.

ಬೇಡಿಕೆ ಕಳುಹಿಸಲು ಒಂದು ಕನೆಕ್ಷನ್, ಉತ್ತರ ಪಡೆಯಲು ಇನ್ನೊಂದು ಎಂಬ ಏರ್ಪಾಡು ಅಲ್ಲಿತ್ತು. ಮೊದಲನೆಯದು ರಾತ್ರಿಯ ಇತರ ಕೆಲಸಗಳಿಗೂ ಬಳಕೆಯಾಗುತ್ತಿದ್ದುದರಿಂದ ಜೀವಂತವಾಗಿತ್ತು. ಎರಡನೆಯದು ರಾತ್ರಿಯಿಡೀ ಸುಮ್ಮನಿದ್ದುದರಿಂದ ನಡುವಿನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಕಡಿದುಹಾಕಿತ್ತು. ಅದು ಎರಡು ತುದಿಗಳಿಗೂ ತಿಳಿದಿರಲಿಲ್ಲ. ಬೆಳಗಿನ ಉತ್ತರವನ್ನು ಬ್ರೋಕರ್ ಆ ಸತ್ತ ದಾರಿಯಲ್ಲಿ ತಳ್ಳಲು ಯತ್ನಿಸಿ, ಕೊನೆಗೆ ಕನೆಕ್ಷನ್ ಇಲ್ಲವೆಂದು ಅರಿತು, ಕ್ಯೂವನ್ನೂ ಅದರೊಳಗಿನ ಉತ್ತರವನ್ನೂ ಅಳಿಸಿತು. ಮುಂದಿನ ಉತ್ತರಗಳಿಗೆ 'ಅಂತಹ ಕ್ಯೂ ಇಲ್ಲ' ಎಂಬ ದೋಷಸೂಚನೆ ಬಂದಿತು. ಅದನ್ನು ನೋಡಬೇಕಾದವರು ನೋಡಿರಲಿಲ್ಲ.

ಪರಿಹಾರ ದೊಡ್ಡದೇನಲ್ಲ. ಕನೆಕ್ಷನ್ ಸುಮ್ಮನಿರುವಾಗಲೂ ಆಗಾಗ 'ಇದ್ದೇನೆ' ಎಂದು ತಿಳಿಸುವ ಹಾರ್ಟ್‌ಬೀಟ್ ಎಂಬ ಸಣ್ಣ ಸಂದೇಶಗಳ ಸೌಲಭ್ಯ ಅನೇಕ ಬ್ರೋಕರುಗಳಲ್ಲಿದೆ. ಅಲ್ಲಿ ಅದನ್ನು ನಿಲ್ಲಿಸಿಡಲಾಗಿತ್ತು. ಫೈರ್‌ವಾಲಿನ ಕಾಲಾವಧಿಗಿಂತ ಕಡಿಮೆ ಅಂತರದಲ್ಲಿ ಅದನ್ನು ಮತ್ತೆ ಆರಂಭಿಸಬೇಕು. ಕನೆಕ್ಷನ್ ಕಡಿದರೆ ತಿಳಿಸುವ ಎಕ್ಸೆಪ್ಶನ್ ಲಿಸನರ್ ಇರಿಸಿ, ಹೊಸ ಕನೆಕ್ಷನ್ನಿನೊಡನೆ ಹೊಸ ತಾತ್ಕಾಲಿಕ ಕ್ಯೂವನ್ನೂ ಮಾಡಬೇಕು. ಹಳೆಯ ವಿಳಾಸವನ್ನು ಮತ್ತೆ ಬಳಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಬರಲಿಲ್ಲವೆಂದರೆ ಕೆಲಸ ಆಗಿಲ್ಲವೆಂದು ಅರ್ಥವಲ್ಲ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಹಣ ಕಳೆಯದೆ ಹಿಂದಿನ ಉತ್ತರವನ್ನೇ ಕೊಡುವಂತೆ ಮಾಡುವುದು ನಮ್ಮ ಅಭಿಪ್ರಾಯದಲ್ಲಿ ಐಚ್ಛಿಕವಲ್ಲ, ಅನಿವಾರ್ಯ.

ಇನ್ನು ಕೆಲವು ತಪ್ಪುಗಳು ಹೊಸಬರಿಂದ ಆಗುವಂಥವು. ಕನೆಕ್ಷನ್ನಿನ 'ಸ್ಟಾರ್ಟ್' ಕರೆಯದೆ ಉತ್ತರಕ್ಕಾಗಿ ಕಾದರೆ ಅದು ಎಂದಿಗೂ ಬಾರದು. ಟ್ರಾನ್ಸಾಕ್ಷನ್ ಉಳ್ಳ ಸೆಷನ್ನಿನಲ್ಲಿ ಬೇಡಿಕೆ ಕಳುಹಿಸಿ, ಕಮಿಟ್ ಮಾಡದೆ ಉತ್ತರಕ್ಕೆ ಕುಳಿತವರೂ ಇದ್ದಾರೆ. ಕಮಿಟ್ ಆಗುವವರೆಗೆ ಬೇಡಿಕೆಯೇ ಹೊರಡುವುದಿಲ್ಲ, ಹೊರಡದ ಪತ್ರಕ್ಕೆ ಉತ್ತರವೆಲ್ಲಿಂದ ಬರಬೇಕು? ಕಾಲಮಿತಿ ಇಲ್ಲದೆ ಕಾಯುವುದಂತೂ ಸಲ್ಲದು.

ಇದಕ್ಕೆ ವಿರುದ್ಧವಾದ ರೋಗವೂ ಇದೆ. ಪ್ರತಿ ಬೇಡಿಕೆಗೂ ಒಂದೊಂದು ತಾತ್ಕಾಲಿಕ ಕ್ಯೂ ಮಾಡಿ ಅಳಿಸದೆ ಬಿಟ್ಟರೆ, ಕನೆಕ್ಷನ್ ತೆರೆದಿರುವಷ್ಟು ಕಾಲ ಅವೆಲ್ಲ ಬ್ರೋಕರಿನ ಸ್ಮೃತಿಯಲ್ಲಿ ಉಳಿಯುತ್ತವೆ. ಆಡಳಿತ ಪುಟದಲ್ಲಿ ಇವುಗಳ ಸಂಖ್ಯೆ ದಿನದಿನಕ್ಕೆ ಏರುತ್ತಿದ್ದರೆ ಮೊದಲು ಈ ಕಡೆ ಸಂಶಯಪಡಬೇಕು. ಅಳಿಸುವ ಮೊದಲು ಅದನ್ನು ಓದುತ್ತಿರುವ ಕನ್ಸ್ಯೂಮರನ್ನು ಮುಚ್ಚಬೇಕು, ಇಲ್ಲದಿದ್ದರೆ ದೋಷಸೂಚನೆ ಬರುತ್ತದೆ. ಒಂದು ಕನೆಕ್ಷನ್ನಿಗೆ ಒಂದೇ ಕ್ಯೂ ಇರಿಸಿಕೊಂಡು, ಯಾವ ಉತ್ತರ ಯಾವ ಬೇಡಿಕೆಯದೆಂದು ಕೋರಿಲೇಶನ್ ಐಡಿಯಿಂದ ಗುರುತಿಸುವುದು ಮೇಲು. ಉತ್ತರಕ್ಕೆ ಗಂಟೆಗಟ್ಟಲೆ ಹಿಡಿಯುವ ಕೆಲಸಗಳಿಗೆ ತಾತ್ಕಾಲಿಕ ಕ್ಯೂ ತಕ್ಕುದಲ್ಲ. ಅಲ್ಲಿ ಶಾಶ್ವತ ಕ್ಯೂ ಬೇಕು.

ಮೇಲಿನ ಪ್ರಕರಣದಲ್ಲಿ ಪಾವತಿಗಳಿಗೆ ಗುರುತಿನ ಸಂಖ್ಯೆ ಇರಲಿಲ್ಲ. ಎರಡು ಬಾರಿ ಕಳೆದ ಹಣ ಯಾರದೆಂದು ತಿಳಿಯಲು ಖಾತೆ, ಮೊತ್ತ ಮತ್ತು ಸಮಯಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕಾಯಿತು. ಒಂದೇ ಮೊತ್ತವನ್ನು ಬೇಕೆಂದೇ ಎರಡು ಬಾರಿ ಪಾವತಿ ಮಾಡಿದ್ದವರನ್ನು ಬೇರ್ಪಡಿಸಲು ಕೊನೆಗೆ ಗ್ರಾಹಕರಿಗೇ ಫೋನು ಮಾಡಿ ಕೇಳಲಾಯಿತು.