ಹೊಟ್ಟೆ ಒಳಗೆಳೀಬ್ಯಾಡ್ರಿ!

ಸಿಂಧನೂರಿನ ಜಿಮ್ಮಿನ್ಯಾಗ ಬರಿಗಾಲಲ್ಲಿ ಮಷೀನ್ ಹತ್ತಿದ್ರಿ. ಕೊಬ್ಬು 24 ಪರ್ಸೆಂಟ್ ಅಂತು. ನಂಬಬೇಕಾ? ಅದು ಅಂಗಾಲಿನಿಂದ ಸಣ್ಣ ಕರೆಂಟ್ ಬಿಟ್ಟು ಅಂದಾಜು ಮಾಡ್ತದ, ಅಷ್ಟ. ಮಸ್ಕಿ ಬಿಸಿಲಾಗ ಮೈಯಾಗಿನ ನೀರು ಇಳಿದಿದ್ರ ಕೊಬ್ಬು ಜಾಸ್ತಿ ತೋರಸ್ತದ.

ತೊಗಲು ಚಿವುಟಿ ಅಳೆಯೋ ಕ್ಯಾಲಿಪರ್? ಚಿವುಟೋ ಕೈ ಬದಲಾದ್ರ ಲೆಕ್ಕಾನೂ ಬದಲು.

ಎತ್ತರ-ತೂಕದ ಲೆಕ್ಕ ಬಿಎಂಐ ಅಂತೂ ಕೊಬ್ಬು ಅಳೆಯೋದೇ ಇಲ್ಲ. ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್, ಇಬ್ಬರ ಬಿಎಂಐನೂ 22.3. ಎಕ್ಸ್‌ರೇಯಿಂದ ಕೊಬ್ಬು ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿದ್ರ ಯುಡ್ಕಿನ್‌ರ ಕೊಬ್ಬು 9.1 ಪರ್ಸೆಂಟ್, ನಮ್ಮವರದು 21.2! 2004ರಾಗ ಲ್ಯಾನ್ಸೆಟ್ ಪತ್ರಿಕೆ ಇಬ್ಬರ ಫೋಟೋನೂ ಹಾಕಿತ್ತು.

ಅದಕ್ಕ ಸೊಂಟದ ಸುತ್ತಳತೆ ನೋಡ್ಕೋರಿ. ಲಿಂಗಸುಗೂರಿನ್ಯಾಗ ಟೇಲರ್ ಟೇಪ್ ಸಿಗ್ತದಲ್ರಿ? ಕೊನೇ ಪಕ್ಕೆಲುಬು, ಸೊಂಟದ ಎಲುಬು, ಎರಡರ ನಡುವ ಸುತ್ರಿ. ಉಸಿರು ಬಿಡ್ರಿ, ಹೊಟ್ಟೆ ಒಳಗೆಳೀಬ್ಯಾಡ್ರಿ, ನನಗೂ ಆ ಚಟ ಅದ. ಗಂಡಸ್ರಿಗೆ 90, ಹೆಣ್ಮಕ್ಕಳಿಗೆ 80 ಸೆಂಟಿಮೀಟರ್ ದಾಟಿದ್ರ, ಶುಗರ್ ಟೆಸ್ಟ್ ಮಾಡಿಸ್ರಿ.