ಕ್ಲಿನಿಕಲ್ ಟ್ರಯಲ್ ಕೆಲಸ: ಕೋರ್ಸ್‌ಗಿಂತ ಮೊದ್ಲು ಒಪ್ಪಿಗೆ ಪತ್ರ ಓದಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಫಾರ್ಮಸಿ, ನರ್ಸಿಂಗ್ ಓದಿದವರು ಕೇಳೋದು ಒಂದೇ: "ಕ್ಲಿನಿಕಲ್ ಟ್ರಯಲ್ ಕನ್ಸಲ್ಟೆಂಟ್ ಆಗ್ಬೇಕು, ಯಾವ ಕೋರ್ಸ್ ಮಾಡ್ಲಿ?" ಕೋರ್ಸ್ ವಿಷಯ ಆಮೇಲೆ. ಮೊದ್ಲು ಕೆಲಸ ಏನಂತ ನೋಡೋಣ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಟ್ರಯಲ್ ನಡೀತು. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿದ್ರೆ ರಕ್ತಸ್ರಾವ ಕಡಿಮೆ ಆಗುತ್ತಾ? ಒಟ್ಟು 1,620 ಹೆಣ್ಣುಮಕ್ಕಳು. ಅರ್ಧದಷ್ಟು ಜನಕ್ಕೆ ಔಷಧ, ಉಳಿದವರಿಗೆ ನೋಡೋಕೆ ಹಾಗೇ ಇರೋ ಔಷಧವಿಲ್ಲದ ಗುಳಿಗೆ. ಕೊಟ್ಟಿದ್ದು ದೊಡ್ಡ ಡಾಕ್ಟರಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ. ಔಷಧ ಸಿಗದವರಲ್ಲಿ ಶೇ. 12 ಮಂದಿಗೆ ಅತಿ ರಕ್ತಸ್ರಾವ ಆಯ್ತು, ಸಿಕ್ಕವರಲ್ಲಿ ಶೇ. 6.4. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಗುಳಿಗೆಯನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು.

ನಮ್ಮ ರಾಯಚೂರು ಜಿಲ್ಲೆಗೂ ಟ್ರಯಲ್ ಬಂದಿದೆ. 2021ರಲ್ಲಿ ಕರ್ನಾಟಕ, ರಾಜಸ್ಥಾನದಲ್ಲಿ ಶುರುವಾದ ರ‍್ಯಾಪಿಡ್‌ಐರನ್‌ನಲ್ಲಿ ರಾಯಚೂರೂ ಇತ್ತು. ರಕ್ತಹೀನತೆ ಇರೋ 4,320 ಗರ್ಭಿಣಿಯರನ್ನ ಸೇರಿಸೋ ಗುರಿ. ದಿನಾ ಕಬ್ಬಿಣಾಂಶದ ಗುಳಿಗೆ ಒಳ್ಳೇದೋ, ಒಂದೇ ಸಲ ಡ್ರಿಪ್‌ನಲ್ಲಿ ಕೊಡೋದು ಒಳ್ಳೇದೋ ಅನ್ನೋದು ಪ್ರಶ್ನೆ.

ಇಂಥ ಕಡೆ ಮೊದಲ ಮೆಟ್ಟಿಲು ಕೋಆರ್ಡಿನೇಟರ್. ಫಾರ್ಮ್ ತುಂಬೋದು, ಬರದವರಿಗೆ ಫೋನ್ ಮಾಡೋದು. ಆಮೇಲೆ ಮಾನಿಟರ್: ಊರೂರು ಸುತ್ತಿ, ಆಸ್ಪತ್ರೆ ದಾಖಲೆಗೂ ಕಂಪ್ಯೂಟರ್‌ಗೆ ಹಾಕಿದ ಅಂಕಿಗೂ ತಾಳೆ ನೋಡೋದು. (ಬಿಕಾಂನವನಾದ ನನಗೆ ಇದು ಥೇಟ್ ಆಡಿಟ್.) ವರ್ಷಗಟ್ಟಲೆ ಇದನ್ನ ಮಾಡಿದವರು ಕನ್ಸಲ್ಟೆಂಟ್ ಆಗ್ತಾರೆ.

ಆದ್ರೆ ಎಲ್ಲಾ ನಿಂತಿರೋದು ಒಪ್ಪಿಗೆ ಪತ್ರದ ಮೇಲೆ. ಅದರಲ್ಲಿ "ಯಾದೃಚ್ಛಿಕ ಹಂಚಿಕೆ" ಅಂತ ಬರೆದ್ರೆ ಯಾರಿಗೆ ತಿಳೀತದ? "ಅಕ್ಕಾ, ಚೀಟಿ ಎತ್ತಿದಂಗ ರೀ, ನಿಮಗ ಯಾವುದು ಬರ್ತದೋ ನಮ್ಮ ಕೈಯಾಗಿಲ್ಲ" ಅಂದ್ರೆ ತಿಳೀತದ. ಈ ಮಾತು ಬರೋದು ನಮ್ಮ ಕಡೆಯವರಿಗೇ. ಓದಲು ಬರದವರಿದ್ರೆ, ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಮಾತುಕತೆಗೆ ಕೂತಿರಬೇಕು. ಬೇಡ ಅನ್ನಬಹುದು, ನಡುವೆ ಬಿಡಬಹುದು. ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೊಸ ಔಷಧದ ಟ್ರಯಲ್‌ನಿಂದ ತೊಂದರೆಯಾದ್ರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮಗಳಲ್ಲೇ ಇದೆ. ಅವಸರದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕೋಆರ್ಡಿನೇಟರ್ ಆ ಅಕ್ಕನಿಂದ ಇದನ್ನೆಲ್ಲ ಕಿತ್ತುಕೊಂಡ ಹಾಗೆ.

ನಿಮ್ಮ ಮನೆಯವರನ್ನೇ ಯಾರಾದ್ರೂ ಟ್ರಯಲ್‌ಗೆ ಕರೆದ್ರೆ ನೋಂದಣಿ ಸಂಖ್ಯೆ ಕೇಳಿ, ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿ. 2007ರಿಂದ ಇದೆ, ಮೊಬೈಲ್‌ನಲ್ಲೇ ನೋಡಬಹುದು.

ಇನ್ನು ಕೋರ್ಸ್. ಜಿಸಿಪಿ ಅನ್ನೋ ಮೂಲ ತರಬೇತಿ ಆನ್‌ಲೈನ್‌ನಲ್ಲಿ ಉಚಿತವಾಗಿಯೂ ಸಿಗುತ್ತೆ. ದೊಡ್ಡ ಫೀಸು ಹೇಳೋ ಸಂಸ್ಥೆಗೆ ಒಂದೇ ಪ್ರಶ್ನೆ ಕೇಳಿ: ಯಾವ ಆಸ್ಪತ್ರೆಯ ಟ್ರಯಲ್‌ನಲ್ಲಿ, ಎಷ್ಟು ತಿಂಗಳು ಕೂರಿಸ್ತೀರಿ?