ಅಂಗಡಿಯ ಕಡತ: ಅಳಿಸಬಹುದಾದ ಲೆಕ್ಕಕ್ಕೆ ಬೆಲೆ ಬಂದದ್ದು ಹೇಗೆ?

‘ಕಡತ’ ಎಂಬ ಶಬ್ದವನ್ನು ಇಂದು ನಾವು ಸರ್ಕಾರಿ ಕಚೇರಿಯ ಫೈಲಿಗೆ ಮೀಸಲಿಟ್ಟಿದ್ದೇವೆ. ಇನ್ನೂರು ವರ್ಷಗಳ ಹಿಂದೆ ಅದು ಅಂಗಡಿಕಾರನ ಲೆಕ್ಕದ ಪುಸ್ತಕವಾಗಿತ್ತು. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಬದಿಗೆ ಇದ್ದಿಲಪುಡಿ ಬೆರೆಸಿದ ಅಂಟನ್ನು ಬಳಿದು ಒಣಗಿಸಿ, ಕತ್ತರಿಸದೆಯೇ ಸಮನಾಗಿ ಮಡಿಚಿ, ತುದಿಗಳಿಗೆ ಮರದ ಹಲಗೆ ಕೂಡಿಸುತ್ತಿದ್ದರು. ಬರೆಯುವುದು ಬಳಪದಿಂದ. ಅಂಟು ಹುಣಸೆ ಬೀಜದ್ದು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿಯೂ ಅದರದ್ದೇ.

ಕೊಂಡ್ಲಹಳ್ಳಿಯಂತಹ ಊರಿನ ಅಂಗಡಿಕಾರನಿಗೆ ಬರೆಯುವುದಕ್ಕಿಂತ ನಾಣ್ಯದ ಲೆಕ್ಕವೇ ಹೆಚ್ಚು ತೊಡಕಿನದಾಗಿದ್ದಿರಬೇಕು. 1799ರ ನಂತರ ಈ ಸೀಮೆ ಮೈಸೂರು ಅರಸರದು. ಪಕ್ಕದ ಬಳ್ಳಾರಿ, ರಾಯದುರ್ಗಗಳು 1800ರಲ್ಲಿ ಕಂಪನಿ ಸರ್ಕಾರಕ್ಕೆ ಸೇರಿದವು. ಮೈಸೂರಿನಲ್ಲಿ ಹತ್ತು ಕಂಠೀರಾಯ ಹಣಕ್ಕೆ ಒಂದು ವರಹ. ವಿಶೇಷವೆಂದರೆ ಈ ಕಂಠೀರಾಯ ವರಹವನ್ನು ಟಂಕಿಸಿದ್ದೇ ಇಲ್ಲ; ಅದು ಪುಸ್ತಕದೊಳಗೆ ಮಾತ್ರ ಇದ್ದ ಹಣ! ಹಣದ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ಅತ್ತ ಮದರಾಸು ಪ್ರಾಂತ್ಯದಲ್ಲಿ 1818ರಿಂದ ರೂಪಾಯಿಯೇ ಪ್ರಮಾಣ ನಾಣ್ಯ. ಒಂದು ಹಣಕ್ಕೆ 4 ಆಣೆ 8 ಪೈ ಎಂಬ ದರದಂತೆ, 2 ಹಣ 1 ಹಾಗದ ಉದರಿಯನ್ನು ಗಡಿಯಾಚೆಯ ಗಿರಾಕಿ ತೀರಿಸಬೇಕಾದರೆ 10 ಆಣೆ 6 ಪೈ ಆಗುತ್ತದೆ. ಇಂದಿನ ವಿದೇಶಿ ವಿನಿಮಯದ ಲೆಕ್ಕಕ್ಕಿಂತ ಇದು ಸುಲಭವೆಂದು ನನಗೆ ತೋರುವುದಿಲ್ಲ.

ಬಳಪದ ಬರಹವನ್ನು ಬೆರಳಿನಿಂದಲೇ ಅಳಿಸಬಹುದು. ಹೀಗಿದ್ದೂ, ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ದಾಖಲಾಗಿದ್ದ ಸಾಲಪತ್ರವನ್ನು ಪುರಾವೆಯಾಗಿ ಹಾಜರುಪಡಿಸಿ, ಅದು ಅಂಗೀಕೃತವಾದುದನ್ನು ತಾನು ಕಂಡಿರುವುದಾಗಿ ವಿಲ್ಕ್ಸ್ ಹೇಳುತ್ತಾನೆ. ಲೆಕ್ಕ ಪರಿಶೋಧಕನ ದೃಷ್ಟಿಯಲ್ಲಿ ಇದೇ ಮುಖ್ಯ ಸಂಗತಿ. ಇಡೀ ಪುಸ್ತಕ ಒಂದೇ ಬಟ್ಟೆಯಾದುದರಿಂದ ನಡುವಿನ ಮಡಿಕೆಯೊಂದನ್ನು ಗುಟ್ಟಾಗಿ ತೆಗೆಯಲು ಬಾರದು. ಅಕ್ಷರ ತಿದ್ದಿದರೂ ಸಾಕ್ಷಿಗಳ ನೆನಪನ್ನು ತಿದ್ದಲಾಗದು. ಪುಸ್ತಕದ ಬೆಲೆ ಮಸಿಯಲ್ಲಿರಲಿಲ್ಲ, ಇಟ್ಟ ಕ್ರಮದಲ್ಲಿತ್ತು ಎಂದೇ ನನ್ನ ಅಭಿಪ್ರಾಯ.

ಮುಂದೆ 1872ರ ಸಾಕ್ಷ್ಯ ಅಧಿನಿಯಮದ 34ನೆಯ ಕಲಮು ಇದೇ ದಾರಿ ಹಿಡಿಯಿತು: ವ್ಯಾಪಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಪುಸ್ತಕದ ನಮೂದು ಪ್ರಸ್ತುತ, ಆದರೆ ಅದೊಂದರಿಂದಲೇ ಯಾರನ್ನೂ ಬಾಕಿದಾರನನ್ನಾಗಿ ಮಾಡಲಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮಿನಲ್ಲಿಯೂ ಈ ತತ್ತ್ವ ಹಾಗೆಯೇ ಉಳಿದಿದೆ. ಗಣಕಯಂತ್ರದ ಲೆಕ್ಕಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಉದರಿ ವಸೂಲಿಗೆ ದಾವೆ ಹೂಡುವ ವರ್ತಕರು ಖಾತೆಯ ಪ್ರತಿಯೊಂದನ್ನೇ ನೆಚ್ಚಿಕೊಳ್ಳದೆ, ಸರಕು ತಲುಪಿದ್ದಕ್ಕೆ ಸಹಿ ಮಾಡಿದ ಚೀಟಿಯನ್ನೂ ಜೋಪಾನವಾಗಿ ಇಡತಕ್ಕದ್ದು.

ಅಳಿಸುವ ವಿಷಯದಲ್ಲಿ ಮಾತ್ರ ಇಂದಿನ ಕಾನೂನು ಬಿಗಿಯಾಗಿದೆ. ಜಿಎಸ್‌ಟಿ ನಿಯಮ 56(8)ರಂತೆ ನಮೂದನ್ನು ಅಳಿಸಕೂಡದು, ಅದರ ಮೇಲೆಯೇ ತಿದ್ದಿ ಬರೆಯಕೂಡದು. ತಪ್ಪನ್ನು ದೃಢೀಕರಣದೊಡನೆ ಹೊಡೆದುಹಾಕಿ ಸರಿಯಾದುದನ್ನು ಬರೆಯಬೇಕು. ಗಣಕಯಂತ್ರದಲ್ಲಾದರೆ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯಬೇಕು. ಪೆನ್ಸಿಲಿನಲ್ಲಿ ಬರೆದು ವರ್ಷಾಂತ್ಯಕ್ಕೆ ‘ಶುದ್ಧ ಪ್ರತಿ’ ಮಾಡುವ ಅಭ್ಯಾಸ ನಮ್ಮ ಕೆಲವು ಸಣ್ಣ ಉದ್ಯಮಿಗಳಲ್ಲಿ ಇನ್ನೂ ಇದೆ. ಅದನ್ನು ಕೈಬಿಡುವುದು ಕ್ಷೇಮ.

ಶೃಂಗೇರಿ ಮಠದ ಕಡತಗಳು ಉಳಿದು ಬಂದುದರಿಂದ ವಿದ್ವಾಂಸರಿಗೆ ಅಪಾರ ಪ್ರಯೋಜನವಾಯಿತು. ಸದಸ್ಯರ ಹಳೆಯ ಮನೆಗಳ ಅಟ್ಟದಲ್ಲಿ ಕಪ್ಪು ಬಟ್ಟೆಯ ಇಂತಹ ಮಡಿಕೆ ದೊರೆತರೆ ಒದ್ದೆ ಬಟ್ಟೆಯಿಂದ ಒರೆಸಬಾರದು, ಬರಹವೇ ಹೋದೀತು. ಒಣ ಸ್ಥಳದಲ್ಲಿಟ್ಟು, ಮೊದಲು ಛಾಯಾಚಿತ್ರ ತೆಗೆಸುವುದು ಲೇಸು.